ಬುಗ್ಗಿಯೊಳಗೆ ಹಾಕಿದ ಲೋಬಾನ

ಯಾದಗಿರಿಯ ಬಜಾರಿಗೆ ಗುರುವಾರ ಸಂಜೆ ಲೋಬಾನದವನು ಬರುತ್ತಾನೆ. ಒಂದು ಕೈಯಲ್ಲಿ ಲೋಬಾನದ ಧೂಪ ಹಾಕಿದ ಕೆಂಡದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ಅಂಗಡಿಯಿಂದ ಅಂಗಡಿಗೆ ಹೋಗಿ ಗಲ್ಲಾದ ಮೇಲೆ, ತಕ್ಕಡಿಯ ಮೇಲೆ, ಕುಳಿತವರ ತಲೆಯ ಮೇಲೆ ಹೊಗೆಯಾಡಿಸಿ ಮುಂದೆ ಸಾಗುತ್ತಾನೆ. ಯಾರೂ ಅವನನ್ನು ತಲೆಯೆತ್ತಿ ನೋಡುವುದಿಲ್ಲ, ಅಷ್ಟು ರೂಢಿ. ಈ ಬೇಸಿಗೆಯ ಒಂದು ಗುರುವಾರ ನಾನು ಬಟ್ಟೆಯಂಗಡಿಯಲ್ಲಿ ಅವ್ವನಿಗೆ ಕುಪ್ಪಸದ ಖಣ ನೋಡುತ್ತ ಕುಳಿತಿದ್ದೆ. ಬೆನ್ನ ಹಿಂದಿನಿಂದ ಬಂದ ಹೊಗೆ ಮುಖಕ್ಕೆ ತಗುಲಿತು. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ತಿಳಿಯದು. ತಿಳಿಯುವ ಹೊತ್ತಿಗೆ ರಸ್ತೆಯ ಆಚೆ ಬದಿಯ ಕಲ್ಲಂಗಡಿ ಬಂಡಿಯ ಹಿಂದೆ, ವೇಲಿನಿಂದ ತಲೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದೆ. ಖಣದ ತುಂಡು ಕೈಯಲ್ಲೇ ಇತ್ತು.

"ಏನಾತ್ರಿ ಅಕ್ಕೋರೆ, ಚಕ್ಕರ್ ಬಂತೇನ್ರಿ?" ಎಂದು ಬಂಡಿಯವನು ಕೇಳಿದ. ಇಲ್ಲವೆಂದೆ. ಅವನು ಕೊಟ್ಟ ನೀರು ಕುಡಿದೆ. ಆದರೆ ಕುತ್ತಿಗೆ ಎತ್ತಿ ಮೇಲೆ ನೋಡುವುದನ್ನು ನಿಲ್ಲಿಸಲು ಆಗಲಿಲ್ಲ. ಮೇಲೆ ಕರೆಂಟಿನ ತಂತಿಗಳು, ಅವುಗಳ ಮೇಲೆ ಎರಡು ಕಾಗೆ, ಇಷ್ಟೇ.

ನಾನು ಇಲ್ಲಿಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ಬೆಂಕಿ, ಹೊಗೆ, ಗಂಟಲು ಹಿಡಿಯುವ ಅನಿಲಗಳ ನಡುವೆಯೇ ದಿನ ಕಳೆಯುತ್ತೇನೆ. ಯಾವುದಕ್ಕೂ ಹೆದರುವುದಿಲ್ಲ. ಲೋಬಾನದ ಹೊಗೆಯೊಂದು ಮಾತ್ರ ನನ್ನನ್ನು ಆರು ವರ್ಷ ಹಿಂದಕ್ಕೆ, ಸುರಪುರದ ಕಡೆಯ ನಮ್ಮ ಗುಡ್ಡಕ್ಕೆ, ಎರಡು ಬಂಡೆಗಳ ನಡುವಿನ ಆ ಕತ್ತಲಿಗೆ ಎಳೆದೊಯ್ಯುತ್ತದೆ.

ಅದು ನಾನು ಶಹಾಪುರದಲ್ಲಿ ಬಿಎಸ್ಸಿಯ ಕೊನೆಯ ಪರೀಕ್ಷೆ ಬರೆದು ಊರಿಗೆ ಬಂದ ಬೇಸಿಗೆ. ದೇವಾಪುರದ ರಸ್ತೆ ಬಿಟ್ಟು ಒಳಗೆ ಹೋದರೆ ನಮ್ಮೂರು. ಹಿಂದೆ ಗುಡ್ಡ, ಗುಡ್ಡದ ತುಂಬ ಬಂಡೆ, ಬಂಡೆಗಳ ಸಂದಿನಲ್ಲಿ ಕಾರಿ, ಜಾಲಿ, ಸೀತಾಫಲದ ಕುರುಚಲು ಕಾಡು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ಅಕ್ಕ ನಾಗಮ್ಮನನ್ನೂ ಬೆಳೆಸಿದ್ದಳು. ಅಕ್ಕನನ್ನು ಗುರುಮಠಕಲ್‌ಗೆ ಕೊಟ್ಟಿತ್ತು. ಆ ಬೇಸಿಗೆ ಅವಳು ಹೆರಿಗೆಗೆಂದು ತವರಿಗೆ ಬಂದಿದ್ದಳು.

ಯುಗಾದಿಯ ಮುಂಚೆ ಯಾರೋ ಇಬ್ಬರು ಬಂದು ಊರ ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದರು. ಯುಗಾದಿ ಕಳೆದ ಮೇಲೆ ಮತ್ತೆ ಬಂದು ಬೋರಿನ ಹಿಡಿಕೆಗೆ ಕೆಂಪು ಬಣ್ಣ ಬಳಿದರು. ನೀರಿನಲ್ಲಿ ವಿಷದ ಅಂಶ ಇದೆ, ಮೈ ತೊಳೆಯಿರಿ, ಬಟ್ಟೆ ಒಗೆಯಿರಿ, ಕುಡಿಯಬೇಡಿ ಎಂದರು. ಹಾಗಾದರೆ ಕುಡಿಯುವುದು ಯಾವುದನ್ನು ಎಂದು ಕೇಳಿದ್ದಕ್ಕೆ ಟ್ಯಾಂಕರ್ ಬರುತ್ತದೆ ಎಂದರು. ಬಂದಿತು ಕೂಡ, ಬರಬೇಕೆನಿಸಿದ ದಿನ. ಅದರ ನೀರಿಗೆ ಡೀಸೆಲ್ಲಿನ ವಾಸನೆ ಇರುತ್ತಿತ್ತು. ಹೀಗೆ ಇಡೀ ಊರು, ಹಿಂದಿನ ಕಾಲದಲ್ಲಿ ಹೋಗುತ್ತಿದ್ದಂತೆ, ಕೊಡ ಹಿಡಿದು ಗುಡ್ಡದ ಬುಗ್ಗಿಗೆ ಹೋಗತೊಡಗಿತು.

ಬುಗ್ಗಿ ಎಂದರೆ ಪುಟಿಯುವ ನೀರಲ್ಲ. ಮನೆಯಷ್ಟು ದೊಡ್ಡ ಎರಡು ಬಂಡೆ ಒಂದಕ್ಕೊಂದು ಒರಗಿವೆ. ಅವುಗಳ ಮೇಲೆ ಚಪ್ಪಡಿಯಂಥ ಮೂರನೆಯದು ಮುಂದಕ್ಕೆ ಚಾಚಿಕೊಂಡಿದೆ. ನಡುವಿನ ಸಂದಿಯಲ್ಲಿ ಬಗ್ಗಿ ಒಳಗೆ ಹೋದರೆ ಇಬ್ಬರು ಕೂರುವಷ್ಟು ಜಾಗ. ತಲೆಯ ಮೇಲೆ ನಾಣ್ಯ ತೂರುವಷ್ಟೇ ಕಿರಿದಾದ ಒಂದು ಬಿರುಕು, ಅದರಿಂದ ಒಂದು ಗೆರೆ ಬೆಳಕು ಬೀಳುತ್ತದೆ. ಅದೇ ಬಿರುಕಿನ ಅಂಚಿಗೆ ಸೆಲೆ ಜಿನುಗಿ, ಹಿಟ್ಟು ನಾದುವ ಪರಾತದಷ್ಟು ಅಗಲದ ಕಲ್ಲಿನ ಗುಂಡಿಯಲ್ಲಿ ನಿಲ್ಲುತ್ತದೆ. ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬಬೇಕು. ಒಂದು ಕೊಡಕ್ಕೆ ಕಾಲು ತಾಸು ಬೇಕಾಗುತ್ತಿತ್ತು. ಆದರೆ ಆ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು.

ಚಾಚಿದ ಚಪ್ಪಡಿಯ ಕೆಳಗೆ, ಬುಗ್ಗಿಯ ಬಾಯಿಗೆ ನೇರ ಮೇಲೆ, ಹೆಜ್ಜೇನಿನ ಮೂರು ಹುಟ್ಟುಗಳಿದ್ದವು. ಮೊದಲ ದಿನ ನನಗೆ ಅವು ಕಾಣಲೇ ಇಲ್ಲ. ಬಂಡೆಗೆ ಮಸಿ ಹಿಡಿದಿದೆ ಅಂದುಕೊಂಡೆ. ನೋಡುತ್ತಿದ್ದಂತೆ ಮಸಿಯ ಮೇಲೆ ಒಂದು ಅಲೆ ಎದ್ದು, ಮೇಲಿನಿಂದ ಕೆಳಕ್ಕೆ ಹರಿದು, ಮತ್ತೆ ಸುಮ್ಮನಾಯಿತು. 

ಬುಗ್ಗಿಯ ಪಾಳಿ ನೋಡಿಕೊಳ್ಳುತ್ತಿದ್ದವಳು ದ್ಯಾಮವ್ವ. ಅವಳನ್ನು ಯಾರೂ ನೇಮಿಸಿರಲಿಲ್ಲ. ಅವಳ ಅತ್ತೆ ಮಾಡುತ್ತಿದ್ದಳು, ಆಮೇಲೆ ಇವಳು ಮಾಡುತ್ತಿದ್ದಳು. ಯಾರ ಕೊಡ ಯಾರ ಹಿಂದೆ ಎಂಬುದು ಅವಳ ಬಾಯಲ್ಲಿ. ಅವಳು ಎಂದೂ ಹೆಜ್ಜೇನು ಎಂಬ ಹೆಸರೆತ್ತುತ್ತಿರಲಿಲ್ಲ, 'ಮ್ಯಾಲಿನವ್ರು' ಎನ್ನುತ್ತಿದ್ದಳು. ನಾವು ಗುಡ್ಡ ಹತ್ತಿ ಬಂದೊಡನೆ ತಾನೊಮ್ಮೆ ಮೇಲೆ ನೋಡಿ, ಮ್ಯಾಲಿನವ್ರು ಮಲಗ್ಯಾರ ಎಂದರೆ ಒಳಗೆ ಹೋಗಬಹುದು. ಮ್ಯಾಲಿನವ್ರು ಎದ್ದಾರ ಎಂದರೆ ಎಲ್ಲರೂ ಕೆಳಗಿನ ಅತ್ತಿಯ ಗಿಡದ ಹತ್ತಿರ ಕಾಯಬೇಕು. ಕೊಡವನ್ನು ಬರೀ ಬಂಡೆಯ ಮೇಲೆ ಇಡಬಾರದು, ಹುಲ್ಲಿನ ಸಿಂಬಿಯ ಮೇಲಿಡಬೇಕು, ಸಪ್ಪಳ ಆಗಬಾರದು. ವಾಸನೆ ಎಣ್ಣೆ ಹಚ್ಚಿಕೊಂಡು ಬರಬಾರದು. ಬಿಸಿಲು ಚಪ್ಪಡಿಯ ಕೆಳಗೆ ಹೊಕ್ಕ ಮೇಲೆ ನೆರಳು ತಿರುಗುವತನಕ ಅಲ್ಲಿ ಯಾರೂ ಇರಬಾರದು. ಹೊಗೆಯಂತೂ ಕೂಡದೇ ಕೂಡದು. ಇಷ್ಟು ಪಾಲಿಸಿದರೆ ಅವರು ನಮ್ಮ ತಂಟೆಗೆ ಬರುವುದಿಲ್ಲ. ಬಂದಿರಲೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಅವುಗಳ ಕೆಳಗೆ ಬಗ್ಗಿ ಹೋಗುವುದು, ಮಲಗಿದ ನಾಯಿಯನ್ನು ದಾಟಿ ಹೋದಷ್ಟು ರೂಢಿಯಾಯಿತು. ಈಗ ಯೋಚಿಸಿದರೆ ಆ ರೂಢಿಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಒಂದು ದಿನ ಹೆಂಡತಿಯ ಬದಲು ತಾನೇ ಕೊಡ ಹೊತ್ತು ಬಂದಿದ್ದ ಒಬ್ಬ ಅತ್ತಿಯ ಗಿಡ ದಾಟಿದ ಮೇಲೆ ಬೀಡಿ ಹಚ್ಚಿದ. ದ್ಯಾಮವ್ವ ಓಡಲಿಲ್ಲ, ಕೂಗಲಿಲ್ಲ. ಅವನ ಹತ್ತಿರ ಹೋಗಿ ಪಿಸುದನಿಯಲ್ಲೇ, "ಬೀಡಿ ತಿಕ್ಕಿ ಆರ್ಸಪ್ಪಾ. ನಿನ್ನ ಹೆಂಡ್ತಿಗಿ ಇನ್ನೊಬ್ಬ ಗಂಡ ಸಿಗ್ತಾನ. ನನಗ ಇನ್ನೊಂದು ಬುಗ್ಗಿ ಸಿಗಂಗಿಲ್ಲ" ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಅಂದು ಅವಳಿಗೆ ಜೇನಿನ ಬಗ್ಗೆ ಓದಿದ್ದನ್ನೆಲ್ಲ ಹೇಳಿದೆ. ಒಂದು ಕಚ್ಚಿದರೆ ಬಿಡುವ ವಾಸನೆ ಉಳಿದವನ್ನೆಲ್ಲ ಹೇಗೆ ಕರೆಯುತ್ತದೆ, ಹೊಗೆ ಎಂದರೆ ಅವು ಕಾಡಿಗೆ ಬೆಂಕಿ ಬಿದ್ದಿದೆಯೆಂದು ಹೇಗೆ ತಿಳಿಯುತ್ತವೆ ಎಂದೆಲ್ಲ. ಅವಳು ಪೂರ್ತಿ ಕೇಳಿ, "ಗೊತ್ತದೇನು ನಿನಗ? ಹಂಗಾರ ಚಂದ ಆತು ಬಿಡವ್ವ" ಎಂದಳು.

ನನಗೆ ಗೊತ್ತಿತ್ತು. ಅದನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಗೊತ್ತಿಲ್ಲದವಳು ಮಾಡಿದ್ದಲ್ಲ.

ಅಕ್ಕನಿಗೆ ಅದು ಎರಡನೆಯ ಬಾಣಂತನ. ಮೊದಲ ಕೂಸು ಗಂಡು, ಹನ್ನೊಂದು ದಿನ ಬದುಕಿತ್ತು. ನೋಡಲು ಬಂದವರೆಲ್ಲ ಕೂಸು ಗುಂಡಗಿದೆ ಎಂದಿದ್ದರಂತೆ. ಅವ್ವ ಅದನ್ನು ಮರೆತಿರಲಿಲ್ಲ. ಹೀಗಾಗಿ ಈ ಸಲ ಹೆಣ್ಣು ಕೂಸು ಹುಟ್ಟಿದಂದಿನಿಂದ ಅದನ್ನು ಮನೆಯ ಒಳಕೋಣೆಯಿಂದ ಹೊರಗೆ ತರಲಿಲ್ಲ. ದಿನಾ ಎರೆದ ಮೇಲೆ ಸಗಣಿ ಕುಳ್ಳಿನ ಕೆಂಡಕ್ಕೆ ಲೋಬಾನ ಹಾಕಿ, ಬುಟ್ಟಿ ಬೋರಲು ಹಾಕಿ, ಕೂಸಿಗೂ ಅಕ್ಕನ ಕೂದಲಿಗೂ ಹೊಗೆ ಹಿಡಿಯುತ್ತಿದ್ದಳು. ನಮ್ಮ ಮನೆಯ ಗೋಡೆಗೂ ಕೌದಿಗೂ ಅದೇ ವಾಸನೆ. ಕೂಸು ಸೀನಿದರೆ ಲೋಬಾನ, ಅತ್ತರೆ ಲೋಬಾನ. ಹೊಗೆ ತಾಗಿದೊಡನೆ ಅದು ಕಣ್ಣು ಕಿರಿದು ಮಾಡಿ ಮಲಗಿಬಿಡುತ್ತಿತ್ತು.

ತಿಂಗಳು ಕಳೆದು ಮೇಲೆ ನಾಲ್ಕು ದಿನಕ್ಕೆ ಬಾಣಂತಿ ನೀರಿಗೆ ಹೋಗಬೇಕು. ಕೂಸನ್ನು ಎತ್ತಿಕೊಂಡು ಹೋಗಿ, ನೀರಿಗೆ ಅರಿಶಿನ ಕುಂಕುಮ ಇಟ್ಟು, ಎಲೆ ಅಡಿಕೆ ಗುಗ್ಗರಿ ಇಟ್ಟು, ಒಂದು ಬಿಂದಿಗೆ ನೀರು ತಂದರೆ ಆಮೇಲೆ ಅವಳು ಮನೆಯ ನೀರು ಮುಟ್ಟಬಹುದು. ನಮ್ಮೂರಲ್ಲಿ ಅದನ್ನು ಬೋರಿನ ಹತ್ತಿರವೇ ಮಾಡಿ ಮುಗಿಸುತ್ತಿದ್ದರು. ಪಕ್ಕದ ಮನೆಯವಳು ಹಾಗೇ ಮಾಡು ಎಂದಳು. ಅವ್ವ ಒಪ್ಪಲಿಲ್ಲ. ಕುಡಿಯಬ್ಯಾಡ ಅಂತ ಕೆಂಪು ಬಣ್ಣ ಬಳಿದ ನೀರಿಗೆ ಕೈಮುಗಿಸಿ ನನ್ನ ಮೊಮ್ಮಗಳ ಆಯುಷ್ಯ ಬೇಡಲೇನು ಎಂದು ಕೇಳಿದಳು. 

ಬುಗ್ಗಿಯೇ ಎಂದಾಯಿತು. ಆದರೆ ಬೆಳಗಿನ ಪಾಳಿಗೆ ಇಪ್ಪತ್ತು ಹೆಂಗಸರು, ಮಧ್ಯಾಹ್ನ ನೆರಳು ತಿರುಗಿದ ಮೇಲೆ ಇನ್ನಿಪ್ಪತ್ತು. ಅಷ್ಟು ಜನರ ಮುಂದೆ ಕೂಸನ್ನು ಒಯ್ಯುವುದಕ್ಕೆ ಅವ್ವನಿಗೆ ಮನಸ್ಸಿಲ್ಲ. ಎರಡು ಪಾಳಿಗಳ ನಡುವೆ, ಯಾರೂ ಇಲ್ಲದಾಗ, ಹೋಗಿ ಬಂದುಬಿಡೋಣ ಎಂದಳು. ಬಿಸಿಲು ಹೊಕ್ಕ ಮೇಲೆ ಯಾರೂ ಇರಬಾರದು ಎಂಬುದು ಅವಳಿಗೂ ಗೊತ್ತಿತ್ತು. ಅವ್ವನಿಗೆ ಜೇನಿಗಿಂತ ಜನರ ಕಣ್ಣಿನ ಭಯ ಹೆಚ್ಚಾಗಿತ್ತು. ದ್ಯಾಮವ್ವನನ್ನು ನಾವು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು ಮೂವರಿಗೂ ತಿಳಿದಿತ್ತು.

ಹನ್ನೊಂದರ ಹೊತ್ತಿಗೆ ಹೊರಟೆವು. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಚಿಕ್ಕ ಕೌದಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ನಾನು ಬಿಂದಿಗೆಯನ್ನೂ ಪೂಜೆಯ ಬುಟ್ಟಿಯನ್ನೂ ಹಿಡಿದಿದ್ದೆ. ಬುಟ್ಟಿಯಲ್ಲಿ ಅರಿಶಿನ, ಕುಂಕುಮ, ಗುಗ್ಗರಿ. ಅದರ ತಳದಲ್ಲಿ, ಕೂಸು ಮನೆ ಬಿಟ್ಟು ಹೋಗುತ್ತಿದೆ ಎಂಬ ರೂಢಿಯಿಂದ, ಒಂದು ತುಂಡು ಕುಳ್ಳು, ಬಟ್ಟೆಯ ಗಂಟಿನಲ್ಲಿ ಲೋಬಾನ, ಕಡ್ಡಿಪೆಟ್ಟಿಗೆ. ಅಲ್ಲಿ ಹಚ್ಚಬೇಕೆಂದು ಯಾರೂ ಇಟ್ಟದ್ದಲ್ಲ. ವಾಪಸು ಬರುವಾಗ ಅತ್ತಿಯ ಗಿಡದ ಕೆಳಗೆ ಹಿಡಿದರಾಯಿತು ಎಂದು ಅವ್ವ ಅಂದಿದ್ದಳು.

ಹತ್ತುವಾಗ ಬಂಡೆ ಆಗಲೇ ಕಾದಿತ್ತು. ಸಂದಿಯ ಬಾಯಿಗೆ ಬಂದು ನಾನು ಮೇಲೆ ನೋಡಿದೆ. ಬಿಸಿಲು ಚಪ್ಪಡಿಯ ಅಂಚು ದಾಟಿ ಮೊದಲ ಹುಟ್ಟಿನ ತುದಿಗೆ ತಾಗಿತ್ತು. ಆ ತುದಿಯಲ್ಲಿ ಕೆಲವು ಹಾರಿ ಮತ್ತೆ ಕೂರುತ್ತಿದ್ದವು. ಮಲಗಿವೆಯೋ ಎದ್ದಿವೆಯೋ ಹೇಳಲು ನನಗೆ ಬರಲಿಲ್ಲ. ಅದನ್ನು ಹೇಳುವವಳು ಊರಲ್ಲಿದ್ದಳು.

ಅಕ್ಕ, ನಾನು, ಕೂಸು ಒಳಗೆ ಹೋದೆವು. ಮೂರನೆಯವಳಿಗೆ ಜಾಗವಿರಲಿಲ್ಲ. ಅವ್ವ ಹೊರಗೆ ನಿಂತು ಅಲ್ಲಿಂದಲೇ ಯಾವುದರ ಮೇಲೆ ಯಾವುದು ಇಡಬೇಕೆಂದು ಪಿಸುಗುಟ್ಟಿದಳು. ಅಕ್ಕ ಕಲ್ಲಿನ ಅಂಚಿಗೆ ಅರಿಶಿನ ಹಚ್ಚಿದಳು. ಗುಗ್ಗರಿ ಇಟ್ಟಳು. ಕೂಸಿನ ಹಣೆಗೆ ಒಂದು ಹನಿ ನೀರು ತಾಗಿಸಿದಳು. ಬಿಸಿಲಿನಿಂದ ಬಂದ ಮೈಗೆ ಒಳಗಿನ ತಂಪು ಹಿತವಾಗಿತ್ತು. ಕೂಸಿಗೆ ಆಗಲಿಲ್ಲ. ಅದು ಸೀನಿತು. ಮತ್ತೆ ಸೀನಿತು. ಆಮೇಲೆ ಅಳತೊಡಗಿತು, ಆ ಸಂದಿಯಲ್ಲಿ ಅಳು ಗೋಡೆಗೆ ಬಡಿದು ದೊಡ್ಡದಾಗುತ್ತಿತ್ತು. ಅಕ್ಕ ಮೊಲೆಗೆ ಹಚ್ಚಿದಳು, ಹಿಡಿಯಲಿಲ್ಲ. ಹೊರಗೆ ಅವ್ವ ಬಿಂದಿಗೆಯ ಸಿಂಬಿಗೆಂದು ನಾಲ್ಕು ಹೆಜ್ಜೆ ಕೆಳಗೆ ಹೋಗಿ ಹುಲ್ಲು ಕೀಳುತ್ತಿದ್ದಳು.

"ಸರೂ, ಥಂಡಿ ಹತ್ತೇದ ಕೂಸಿಗಿ," ಎಂದಳು ಅಕ್ಕ. "ಒಂದೀಟು ಲೋಬಾನ ತೋರ್ಸು. ಒಂದೀಟೇ."

ನಾನು ಹೊರಗೆ ಹಚ್ಚಿದರೆ ತಾನೆ ತೊಂದರೆ ಅಂದುಕೊಂಡೆ. ಒಳಗೆ, ಕಲ್ಲಿನ ಮೂಲೆಯಲ್ಲಿ, ಬೆರಳಷ್ಟು ಕುಳ್ಳು. ಹೊಗೆ ಇಲ್ಲೇ ಉಳಿಯುತ್ತದೆ ಎಂದುಕೊಂಡೆ. ಕಡ್ಡಿ ಗೀರಿದೆ. ಕುಳ್ಳು ಹೊತ್ತಿಕೊಳ್ಳಲು ಊದಿದೆ. ಲೋಬಾನದ ಹರಳನ್ನು ಇಟ್ಟೆ. ಅಕ್ಕ ಕೂಸನ್ನು ಹೊಗೆಗೆ ಬಗ್ಗಿಸಿದಳು. ಅದು ಎಂದಿನಂತೆ ಕಣ್ಣು ಕಿರಿದು ಮಾಡಿ ಅಳು ನಿಲ್ಲಿಸಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆಮೇಲೆ ನಾನು ಹೊಗೆಯನ್ನು ನೋಡಿದೆ. ಅದು ಮೂಲೆಯಲ್ಲಿ ನಿಂತಿರಲಿಲ್ಲ. ನೀಲಿ ದಾರದಂತೆ ನೆಟ್ಟಗೆ ಎದ್ದು, ನಮ್ಮ ತಲೆಯ ಮೇಲಿನ ಬಿರುಕಿನೊಳಗೆ, ಚಿಮಣಿಯೊಳಗೆ ಹೋದಂತೆ ಹೋಗುತ್ತಿತ್ತು. ಆ ಬಿರುಕಿನ ಇನ್ನೊಂದು ಬಾಯಿ ಎಲ್ಲಿದೆಯೆಂದು ಇಡೀ ಬೇಸಿಗೆಯಲ್ಲಿ ನಾನೊಮ್ಮೆಯೂ ಯೋಚಿಸಿರಲಿಲ್ಲ.

ಬಿಸಿಯಾದದ್ದು ಮೇಲಕ್ಕೆ ಏರುತ್ತದೆ. ಏಳನೆಯ ತರಗತಿಯ ಪಾಠ.

ಕುಳ್ಳನ್ನು ನೀರಿಗೆ ಒತ್ತಿದೆ. ಬುಸ್ಸೆಂದು ಇನ್ನಷ್ಟು ಹೊಗೆ ಎದ್ದಿತು, ಅದೂ ಬಿರುಕಿಗೇ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಹನಿ ಬೀಳುವ ಸದ್ದು ಮಾತ್ರ. ಆಮೇಲೆ ದೂರದಲ್ಲಿ ಟ್ರ್ಯಾಕ್ಟರ್ ಗುಡ್ಡ ಹತ್ತುತ್ತಿರುವಂತೆ ಕೇಳಿಸಿತು. ಈ ಗುಡ್ಡಕ್ಕೆ ಟ್ರ್ಯಾಕ್ಟರ್ ಎಲ್ಲಿಂದ ಎಂದು ನಾನು ಕೇಳಿಕೊಳ್ಳುವಷ್ಟರಲ್ಲಿ ಆ ಸದ್ದು ಕಲ್ಲಿನ ಮೂಲಕ ನನ್ನ ಬೆನ್ನಿಗೆ ಬಂದಿತು. ಬಿರುಕಿನಿಂದ ಬೀಳುತ್ತಿದ್ದ ಬೆಳಕಿನ ಗೆರೆ ಆರಿಹೋಯಿತು.

ಹೊರಗೆ ಅವ್ವ ಒಮ್ಮೆ ಕೂಗಿದಳು. "ಹೊರಗ ಬರಬ್ಯಾಡ್ರಿ. ಒಳಗ ಇರ್ರಿ. ಕೂಸಿನ ಮಾರಿ ಮುಚ್ಚು, ನಾಗೂ." ಅಷ್ಟೇ. ಮತ್ತೆ ಅವಳ ದನಿ ಕೇಳಲಿಲ್ಲ. ಅವಳ ಕಾಲಡಿಯ ಕಲ್ಲುಗಳು ಉರುಳುವ ಸದ್ದು ಕೇಳಿತು, ಅದು ಕೆಳಕ್ಕೆ ಊರ ಕಡೆ ಹೋಗಲಿಲ್ಲ. ಮೇಲಕ್ಕೆ, ಗುಡ್ಡದ ನೆತ್ತಿಯ ಕಡೆ ಹೋಯಿತು.

ಸಂದಿಯ ಬಾಯಿ ಕಪ್ಪಾಯಿತು. ನಾನು ಕೂಸಿನ ಕೌದಿಯನ್ನು ಎಳೆದು ಗುಂಡಿಯಲ್ಲಿ ಅದ್ದಿ, ಮೊಣಕಾಲ ಮೇಲೆ ನಿಂತು ಬಾಯಿಗೆ ಅಡ್ಡ ಹಿಡಿದೆ. ಹಿಡಿದ ಬೆರಳುಗಳ ಮೇಲೆ ಬೆಂಕಿ ಸುರಿದಂತಾಯಿತು. ಬಿಡಲಿಲ್ಲ. ಬಿಟ್ಟರೆ ಏನೆಂದು ಗೊತ್ತಿತ್ತು. ಅಂಚುಗಳನ್ನು ಕಾಲಿನಿಂದ ಒತ್ತಿ, ತಲೆಯಿಂದ ಒತ್ತಿ, ಬಿಂದಿಗೆಯನ್ನು ಕೆಳಗೆ ತುರುಕಿದೆ. ಒಳಗೆ ಬಂದಿದ್ದವು ಕತ್ತಲಲ್ಲಿ ಅಲ್ಲಲ್ಲಿ ಗುಂಯ್ಗುಟ್ಟುತ್ತಿದ್ದವು. ಅಕ್ಕ ಗೋಡೆಗೆ ಮುಖ ಮಾಡಿ, ಕೂಸನ್ನು ತನ್ನ ಮತ್ತು ಕಲ್ಲಿನ ನಡುವೆ ಇಟ್ಟುಕೊಂಡು, ಬೆನ್ನನ್ನು ಅವಕ್ಕೆ ಕೊಟ್ಟಿದ್ದಳು. ಒಂದೊಂದು ಕಚ್ಚಿದಾಗಲೂ ಅವಳ ಉಸಿರು ಸೀಳಿದಂತೆ ಕೇಳುತ್ತಿತ್ತು, ಅತ್ತಿದ್ದು ಕೇಳಲಿಲ್ಲ. ಹೊಗೆ ಇನ್ನೂ ಒಳಗಿತ್ತು. ಕೆಮ್ಮಿದೆವು. ಕೂಸು ಕೆಮ್ಮಿತು. ಆಮೇಲೆ ಕೂಸಿನ ಸದ್ದು ನಿಂತಿತು.

"ಅಕ್ಕಾ, ಕೂಸು?"

ಮತ್ತೊಮ್ಮೆ ಕೇಳಿದೆ.

ಈ ಒಂದು ಜಾಗ ನನಗೆ ದಾಟುವುದಿಲ್ಲ. ರಾತ್ರಿ ನಿದ್ದೆಯಲ್ಲಿ, ಬಸ್ಸಿನಲ್ಲಿ, ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ಹನಿ ಬೀಳುವುದನ್ನು ನೋಡುವಾಗ ಇಲ್ಲಿಗೇ ಬಂದು ನಿಲ್ಲುತ್ತೇನೆ. ಸೆಲೆಯ ಹನಿ ಗುಂಡಿಗೆ ಬೀಳುತ್ತಿತ್ತು. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ನಾನು ಕೂಸಿನ ಉಸಿರಿಗೆ ಕಿವಿಗೊಡುತ್ತಿದ್ದೆ. ಹನಿ. ಏನೂ ಇಲ್ಲ. ಹನಿ. ಏನೂ ಇಲ್ಲ. ಕೈ ಬಿಟ್ಟು ಹಿಂದೆ ತಿರುಗಿ ನೋಡುವಂತಿರಲಿಲ್ಲ. ಎಷ್ಟು ಹನಿಗಳೋ. ಕೊನೆಗೆ ಅಕ್ಕನ ಮಾತು ಬಂದಿತು, ಹಲ್ಲು ಕಚ್ಚಿ ಆಡಿದ ಮಾತು. "ಕುಡ್ಯಾಕತ್ತಾಳ."

ಕೂಸು ಹಾಲು ಕುಡಿಯುತ್ತಿತ್ತು. ನಾನು ಕೌದಿಗೆ ಹಣೆ ಒತ್ತಿ ನಿಂತೆ. ಆ ಕೌದಿಯ ಆಚೆ ಬದಿಯಲ್ಲಿ ಅವು ನಡೆದಾಡುವುದು, ಜೋಳದ ಮೇಲೆ ಅಂಗೈ ಆಡಿಸಿದಂತೆ, ನನ್ನ ಹಣೆಗೆ ತಿಳಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಬಿರುಕಿನ ಬೆಳಕು ಮರಳಿತು. ಆಮೇಲೂ ನಾವು ಕದಲಲಿಲ್ಲ. ಕೆಳಗಿನಿಂದ ದ್ಯಾಮವ್ವನ ದನಿ ಬಂದಾಗ ನೆರಳು ತಿರುಗಿತ್ತು. ಅವಳು ಗುಡ್ಡದ ಬುಡದಲ್ಲೇ ಗಾಳಿಯಲ್ಲಿ ಹಾರಾಡುತ್ತಿದ್ದವನ್ನು ಕಂಡು, ಮಧ್ಯಾಹ್ನದ ಪಾಳಿಯವರನ್ನೆಲ್ಲ ಅತ್ತಿಯ ಗಿಡದ ಹತ್ತಿರ ನಿಲ್ಲಿಸಿ, ಒಬ್ಬಳೇ ಹತ್ತಿ ಬಂದಿದ್ದಳು. ಒಳಗಿದ್ದೀರಾ ಎಂದು ಕೇಳಲಿಲ್ಲ. ಕೌದಿಯನ್ನು ಹೊರಗಿನಿಂದ ಮೆಲ್ಲಗೆ ಎಳೆದು, ಮೊದಲು ಕೂಸಿಗಾಗಿ ಕೈ ಚಾಚಿದಳು. ಕೂಸಿಗೆ ಕಚ್ಚಿದ್ದು ಎರಡು. ಒಂದು ಕಿವಿಯ ಹಿಂದೆ, ಒಂದು ಹಿಮ್ಮಡಿಗೆ. ಅಕ್ಕನ ಬೆನ್ನನ್ನು ನಾನು ವರ್ಣಿಸುವುದಿಲ್ಲ.

ಅವ್ವ ನೆತ್ತಿಯ ಆಚೆ ಕಾರಿಯ ಪೊದೆಯಲ್ಲಿ ಸಿಕ್ಕಳು. ಕೆಳಗೆ ಓಡಿದರೆ ಅವು ಊರಿಗೆ, ದಾರಿಯಲ್ಲಿ ಬರುವವರಿಗೆ ಬೀಳುತ್ತವೆ, ನಿಂತರೆ ಬುಗ್ಗಿಯ ಬಾಯಿಗೆ ಬೀಳುತ್ತವೆ ಎಂದು ಅವಳು ಸೆರಗು ಬೀಸುತ್ತ ಮೇಲಕ್ಕೆ ಓಡಿದ್ದಳು. ಮುಖ ಮಣ್ಣಿನ ಗಡಿಗೆಯಂತೆ ಊದಿ ಕಣ್ಣು ಎಲ್ಲಿವೆಯೆಂದು ತಿಳಿಯುತ್ತಿರಲಿಲ್ಲ. ಊರಿನಿಂದ ತರಿಸಿದ ದೊಡ್ಡ ಕೌದಿಯಲ್ಲಿ ಹೊತ್ತು ಇಳಿಸಿ, ಟಂಟಂ ಆಟೋದಲ್ಲಿ ಹಾಕಿ ಸುರಪುರಕ್ಕೆ ಒಯ್ದೆವು. ಆಸ್ಪತ್ರೆಯಲ್ಲಿ ನರ್ಸು ಒಂದು ತಟ್ಟೆ ಇಟ್ಟುಕೊಂಡು ಮುಳ್ಳು ಕೀಳತೊಡಗಿದಳು. ಮೊದಮೊದಲು ಎಣಿಸುತ್ತಿದ್ದಳು, ಆಮೇಲೆ ಬಿಟ್ಟಳು. ಎರಡು ದಿನ ಅವ್ವ ಇರುತ್ತಾಳೋ ಹೋಗುತ್ತಾಳೋ ಎಂದು ಡಾಕ್ಟರು ಹೇಳಲಿಲ್ಲ. ಮೂರನೆಯ ದಿನ ಬಲಗಣ್ಣು ಸ್ವಲ್ಪ ತೆರೆದಳು.

ಅಂದೇ ದ್ಯಾಮವ್ವ ಊರಿನ ನಾಲ್ಕು ಹೆಂಗಸರೊಂದಿಗೆ ನೋಡಲು ಬಂದಳು. ತಂದ ಎಳನೀರನ್ನು ಕೆಳಗಿಟ್ಟು ನಿಂತೇ ಕೇಳಿದಳು, ಬುಗ್ಗಿಯೊಳಗೆ ಕುಳ್ಳಿನ ಬೂದಿ ಇತ್ತು, ಹೊಗೆ ಹಾಕಿದವರು ಯಾರು ಎಂದು. ಅಕ್ಕ ಕೂಸಿನ ಕಡೆ ನೋಡಿದಳು. ನಾನು ಬಾಯಿ ತೆರೆದೆ. ತೆರೆದಿದ್ದೆ, ಅದು ನಿಜ.

"ನಾನೇ ಹಾಕಿದ್ದು, ದ್ಯಾಮವ್ವ," ಎಂದಳು ಅವ್ವ, ಊದಿದ ತುಟಿಗಳ ನಡುವಿನಿಂದ. "ಕೂಸು ಸೀನ್ತು. ಬುದ್ಧಿ ಎಲ್ಲಿ ಇಟ್ಟಿದ್ನೋ."

ನಾನು ತೆರೆದ ಬಾಯಿ ಮುಚ್ಚಿದೆ.

ಎಂಟು ದಿನ ಯಾರೂ ಬುಗ್ಗಿಯ ಹತ್ತಿರ ಹೋಗುವಂತಿರಲಿಲ್ಲ. ಆ ಎಂಟು ದಿನವೂ ಟ್ಯಾಂಕರ್ ಬರಲಿಲ್ಲ. ಇಡೀ ಊರು ಕೆಂಪು ಹಿಡಿಕೆ ಒತ್ತಿ ಅದೇ ನೀರು ಕುಡಿಯಿತು, ಕೂಸುಗಳೂ ಕುಡಿದವು. ಅಂಗನವಾಡಿಯಲ್ಲಿ ದುಡಿಯುವವಳಿಗೆ ಇಷ್ಟು ತಿಳಿಯಬಾರದೇ ಎಂದು ಜನ ಆಡಿಕೊಂಡರು. ಮೊಮ್ಮಗಳಿಗೆ ಹೊಗಿ ಹಾಕಾಕ ಹೋಗಿ ಊರಿಗೇ ಹೊಗಿ ಹಾಕಿದ್ಲು ಎಂದರು. ದ್ಯಾಮವ್ವ ಬೈಯಲಿಲ್ಲ. ಮತ್ತೆ ಪಾಳಿ ಶುರುವಾದಾಗ ನಮ್ಮ ಕೊಡವನ್ನು ಸಾಲಿನ ಕಟ್ಟಕಡೆಗೆ ಇಟ್ಟಳು, ಮಳೆ ಬರುವತನಕ ಅಲ್ಲಿಂದ ಮುಂದೆ ಸರಿಸಲಿಲ್ಲ. ಆ ಕೊನೆಯ ಕೊಡವನ್ನು ದಿನಾ ಹೊತ್ತು ತಂದವಳು ನಾನೇ. ಪ್ರತಿದಿನ ಅತ್ತಿಯ ಗಿಡದ ಕೆಳಗೆ ಕಾಯುತ್ತ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಕೇಳಲು ಯಾರೂ ಉಳಿದಿರುತ್ತಿರಲಿಲ್ಲ. ಮಳೆ ಬಿದ್ದಿತು, ಹುಟ್ಟುಗಳು ಖಾಲಿಯಾದವು, ಅಕ್ಕ ಕೂಸಿನೊಂದಿಗೆ ಗುರುಮಠಕಲ್‌ಗೆ ಹೋದಳು, ನನಗೆ ಯಾದಗಿರಿಯಲ್ಲಿ ಕೆಲಸ ಸಿಕ್ಕಿತು. ಅವ್ವನ ಎಡಗಣ್ಣಿನ ರೆಪ್ಪೆ ಈಗಲೂ ಅರ್ಧಕ್ಕೇ ನಿಲ್ಲುತ್ತದೆ. ಆ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಕಲ್ಲಂಗಡಿ ಬಂಡಿಯ ಹಿಂದೆ ಕುಳಿತೆದ್ದ ಆ ಗುರುವಾರದ ಮೂರನೆಯ ದಿನ ಊರಿಗೆ ಹೋದೆ. ಮೊದಲ ಬಸ್ಸಿಗೆ ಹೊರಟಿದ್ದರಿಂದ ಬೆಳಗಿನ ಹೊತ್ತಿಗೇ ತಲುಪಿದೆ. ಊರಲ್ಲಿ ಈಗ ನೀರು ಶುದ್ಧ ಮಾಡುವ ಯಂತ್ರದ ಕೋಣೆ ಇದೆ. ಆದರೂ ಬೇಳೆ ಬೇಯಿಸಲು ಕೆಲವರಿಗೆ ಬುಗ್ಗಿಯ ನೀರೇ ಬೇಕು. ಅಕ್ಕನ ಮಗಳು ಸುಮಾ ರಜೆಗೆ ಬಂದಿದ್ದಳು. ಖಣವನ್ನು ಅವ್ವನ ಕೈಗೆ ಕೊಟ್ಟು ಸುಮಾ ಎಲ್ಲಿ ಎಂದೆ.

"ದ್ಯಾಮವ್ವನ ಕೂಡ ಬುಗ್ಗಿಗಿ ಹೋಗ್ಯಾಳ," ಎಂದಳು ಅವ್ವ, ಅಂಗಡಿಗೆ ಹೋಗಿದ್ದಾಳೆ ಎನ್ನುವಂತೆ.

ನಾನು ಚಪ್ಪಲಿ ಮೆಟ್ಟದೆ ಓಡಿದೆ. ಅತ್ತಿಯ ಗಿಡದ ಕೆಳಗೆ ದ್ಯಾಮವ್ವ ಕಾಲು ಚಾಚಿ ಕುಳಿತಿದ್ದಳು, ಅವಳಿಗೀಗ ಅಲ್ಲಿಂದ ಮೇಲೆ ಹತ್ತಲಾಗುವುದಿಲ್ಲ. ನನ್ನನ್ನು ಕಂಡು ಮೆಲ್ಲಗೆ ಹೋಗು ಎಂದು ಕೈ ಮಾಡಿದಳು. ಹತ್ತಿ ಮೇಲೆ ಬಂದೆ. ಚಪ್ಪಡಿಯ ಕೆಳಗೆ ಈ ವರ್ಷ ಎರಡು ಹುಟ್ಟು. ಅವುಗಳ ನೇರ ಕೆಳಗೆ, ಸಂದಿಯ ಬಾಯಲ್ಲಿ, ಆರು ವರ್ಷದ ಹುಡುಗಿ ಸಿಂಬಿಯ ಮೇಲೆ ಪುಟ್ಟ ಸ್ಟೀಲಿನ ಬಿಂದಿಗೆ ಇಡುತ್ತಿದ್ದಳು. ನಾನು ಅವಳ ಹೆಸರು ಕೂಗಲು ಬಾಯಿ ತೆರೆದೆ. ಅವಳು ತುಟಿಗೆ ಬೆರಳಿಟ್ಟಳು.

"ಚಿಗವ್ವ, ಸುಮ್ನಿರು. ಮ್ಯಾಲಿನವ್ರು ಮಲಗ್ಯಾರ."

ಇದನ್ನೆಲ್ಲ ಯಾರು ಕಲಿಸಿದರೆಂದು ಪಿಸುದನಿಯಲ್ಲಿ ಕೇಳಿದೆ. ಆಯಿ ಎಂದಳು. ನನ್ನ ಅವ್ವನನ್ನು ಅವಳು ಆಯಿ ಎನ್ನುತ್ತಾಳೆ. ಅಂದಿನಿಂದ ಒಮ್ಮೆಯೂ ಈ ಗುಡ್ಡ ಹತ್ತದ ಅವ್ವ, ಮನೆಯ ಕಟ್ಟೆಯ ಮೇಲೆ ಕುಳಿತೇ ಅವಳಿಗೆ ಸಿಂಬಿ, ಸಪ್ಪಳ, ಬಿಸಿಲು, ಹೊಗೆ ಎಲ್ಲ ಹೇಳಿಕೊಟ್ಟಿದ್ದಳು. ಸುಮಾ ಒಳಗೆ ಹೋಗಿ ಬಟ್ಟಲಿನಿಂದ ನೀರು ಗೋರತೊಡಗಿದಳು. ನಾನೂ ಬಗ್ಗಿ ಅವಳ ಹಿಂದೆ ಹೋದೆ. ತಲೆಯ ಮೇಲಿನ ಬಿರುಕಿನ ಅಂಚಿನಲ್ಲಿ ಒಂದಿಷ್ಟು ಮಸಿ ಇನ್ನೂ ಇತ್ತು.

"ಚಿಗವ್ವ," ಎಂದಳು ಅವಳು, ಗೋರುವುದನ್ನು ನಿಲ್ಲಿಸದೆ. "ನಾ ಸಣ್ಣಾಕಿ ಇದ್ದಾಗ ಆಯಿ ಇಲ್ಲಿ ಲೋಬಾನ ಹಾಕಿದ್ಲಂತ. ಎಲ್ಲಾರು ಅಂತಾರ. ಖರೇನು?"

ಹನಿ ಬಿದ್ದಿತು. ಇನ್ನೊಂದು ಬಿದ್ದಿತು.

"ಇಲ್ಲ," ಎಂದೆ. "ಹಾಕಿದಾಕಿ ನಾನು."

ಅವಳ ಕೈ ನಿಂತಿತು. ನನ್ನನ್ನು ನೋಡಿದಳು, ಬಿರುಕನ್ನು ನೋಡಿದಳು, ನನ್ನ ಎರಡೂ ಕೈಗಳಲ್ಲಿ ಏನಾದರೂ ಇದೆಯೇ ಎಂದು ನೋಡಿದಳು. ಆಮೇಲೆ ದ್ಯಾಮವ್ವ ಬೀಡಿಯವನಿಗೆ ಹೇಳಿದ್ದ ಅದೇ ದನಿಯಲ್ಲಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು.

"ಹಂಗಾರ ನೀ ಹೊರಗ ಕುಂದ್ರು."

ನಾನು ಹಿಂದಕ್ಕೆ ತೆವಳಿ ಹೊರಗೆ ಬಂದು ಕುಳಿತೆ. ಬಿಸಿಲು ಇನ್ನೂ ಚಪ್ಪಡಿಯ ಅಂಚಿಗೆ ಬಂದಿರಲಿಲ್ಲ. ಒಳಗೆ ಬಟ್ಟಲು ಕಲ್ಲಿಗೆ ತಾಗದಂತೆ ಅವಳು ನೀರು ಗೋರುತ್ತಿದ್ದಳು. ಅವಳ ಬಿಂದಿಗೆ ತುಂಬುವತನಕ ನಾನು ಮೇಲಿನವರ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.